ಗುಂಡಿಯಿಲ್ಲದ ಅಂಗಿ

ಬೆಡ್‌ಶೀಟಿನ ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ಮಗಳ ಕೈಯಲ್ಲಿ. ಎದುರುಬದುರು ನಿಂತು ನೀರು ಹಿಂಡುತ್ತಿದ್ದೆವು. ಎಂಟು ವರ್ಷದ ತೋಳಿನಲ್ಲಿದ್ದ ಬಲವನ್ನೆಲ್ಲ ಹಾಕಿ ತಿರುಚಲು ಹೋಗಿ ಅವಳೇ ಅರ್ಧ ತಿರುಗಿಕೊಂಡುಬಿಟ್ಟಿದ್ದಳು. ಶಾಲೆಗೆ ರಜೆ ಇದ್ದ ದಿನ ಅವಳಿಗೆ ಬೇರೆ ಆಟ ಬೇಕಿಲ್ಲ; ನಾನು ಎಲ್ಲಿದ್ದರೆ ಅಲ್ಲಿ, ನನ್ನ ಬೆನ್ನ ಹಿಂದೆ. ಅದಕ್ಕೇ ನಮ್ಮತ್ತೆ ಅವಳಿಗೆ ಬಾಲಂಗೋಚಿ ಅಂತ ಹೆಸರಿಟ್ಟಿದ್ದು. ಕರೆದು ಕರೆದು ಸವೆದು ಈಗ ಅದು ಬರೀ ಗೋಚಿ ಆಗಿದೆ.

ಒಳಗೆ ಫೋನು ಹೊಡೆದುಕೊಂಡಿತು. ಅತ್ತೆ ಎತ್ತಿದರು. ಫೋನಿನಲ್ಲಿರುವವರು ದೂರದಲ್ಲಿದ್ದಾರೆಂದ ಮೇಲೆ ಕೂಗಿಯೇ ಮಾತಾಡಬೇಕು ಎನ್ನುವುದು ಅವರ ನಂಬಿಕೆ.

"ಇದ್ದಾಳೆ, ಬಟ್ಟೆ ಒಣಗಿಸ್ತಿದ್ದಾಳೆ. ಯಾರು? ಆಸ್ಪತ್ರೆಯಾ? ತಡಿಯಮ್ಮ," ಎಂದು ಅದೇ ದನಿಯಲ್ಲಿ ನನ್ನನ್ನೂ ಕರೆದರು. "ನಿನ್ನ ಸಿಸ್ಟರು ಕಣೇ. ಬೇಗ ಬರಬೇಕಂತೆ."

ಹಗ್ಗದಂತಾಗಿದ್ದ ಬೆಡ್‌ಶೀಟನ್ನು ಗೋಚಿಯ ತೋಳಿಗೆ ಹಾಕಿ, ಕೈ ಒರೆಸಿಕೊಳ್ಳುತ್ತ ಒಳಗೆ ಹೋದೆ.

ಸಿಸ್ಟರ್ ಅಂದರೆ ದೊಡ್ಡಾಸ್ಪತ್ರೆಯಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡು ನೋಡಿಕೊಳ್ಳುವವರು. ನನಗಿಂತ ಚಿಕ್ಕವರು, ಯಾವಾಗಲೂ ನಗುತ್ತಲೇ ಮಾತು ಶುರುಮಾಡುವವರು. ಅವತ್ತು ನಗು ಇರಲಿಲ್ಲ.

"ಅಕ್ಕ, ಬಿಳಿ ಗಂಟು ಈಗ ಬಿಚ್ಚಿದೆ. ಎಲ್ಲಾ ಅಂಗಿಗೂ ಗುಂಡಿ ಇದೆ."

"ಗುಂಡಿನಾ?"

"ಲಾಡಿ ಇರುತ್ತಲ್ಲ, ಆ ಜಾಗದಲ್ಲಿ. ಕಾಜಾ ಇಲ್ಲ, ಏನಿಲ್ಲ. ಎರಡು ಪದರಾನೂ ಸೇರಿಸಿ ಗುಂಡಿ ಹೊಲಿದುಬಿಟ್ಟಿದ್ದಾರೆ. ದಾರ ಕತ್ತರಿಸೋಕೆ ನೋಡಿದೆ, ಬಟ್ಟೆನೇ ಹರೀತು. ಅಷ್ಟು ತೆಳು ಬಟ್ಟೆ."

"ಈಗ ಬೇಕಾಗಿದೆಯಾ?"

"ಬೇಕಾಗಿದೆ ಅಕ್ಕ. ಬೆಳಗಿನ ಜಾವ ಒಂದು ಕೂಸು ಹೋಯ್ತು. ತಾಯಿಗೆ ಆಪರೇಷನ್ ಆಗಿದೆ, ಮಧ್ಯಾಹ್ನ ವೀಲ್‌ಚೇರಲ್ಲಿ ಕರ್ಕೊಂಡು ಬರ್ತಾರೆ. ಒಂದೇ ಒಂದ್ಸಲ ಎತ್ಕೋತೀನಿ ಅಂತಿದ್ದಾಳೆ. ಆಮೇಲೆ ಅವರ ಮನೆಯವರು ತಗೊಂಡು ಹೋಗ್ತಾರೆ. ಹಾಗೇ ಹೇಗೆ ಕೊಡಲಿ, ನೀವೇ ಹೇಳಿ."

"ಬರ್ತೀನಿ," ಅಂದೆ.

ನಾನು ಆ ವಾರ್ಡಿಗೆ ಎರಡು ಬಗೆಯ ಅಂಗಿ ಹೊಲಿದುಕೊಡುತ್ತೇನೆ. ಹಳದಿಯವು ಗಾಜಿನ ಪೆಟ್ಟಿಗೆಯಲ್ಲಿ ಮಲಗಿ ಉಸಿರಿಗಾಗಿ ಗುದ್ದಾಡುವ ಕೂಸುಗಳಿಗೆ. ಅವಕ್ಕೆ ಔಷಧದ ನಳಿಕೆ ಹಾಯಲು ಸಣ್ಣ ಕಿಂಡಿ, ಎದುರಿಗೆ ಪ್ಲಾಸ್ಟಿಕ್ಕಿನ ಟಿಚ್ ಬಟನ್. ಬಿಳಿಯವು ಆ ಗುದ್ದಾಟ ಮುಗಿಸಿದವಕ್ಕೆ. ಅಂಗೈ ಅಗಲದ ಅಂಗಿ. ಆ ಕೂಸುಗಳ ಚರ್ಮ ನೆನೆದ ಕಾಗದದಂತೆ. ತೋಳು ಮಡಿಸಿ ತೂರಿಸುವ ಹಾಗಿಲ್ಲ, ತಲೆಯ ಮೇಲಿಂದ ಇಳಿಸುವ ಹಾಗಿಲ್ಲ. ಅದಕ್ಕೇ ಬಿಳಿ ಅಂಗಿ ಪುಸ್ತಕದ ಹಾಗೆ ಪೂರ್ತಿ ತೆರೆದುಕೊಳ್ಳಬೇಕು. ಒಂದು ಹಾಳೆಯ ಮೇಲೆ ಕೂಸನ್ನು ಮಲಗಿಸಿ, ಇನ್ನೊಂದು ಹಾಳೆಯನ್ನು ಮೇಲೆ ಮುಚ್ಚಿ, ಭುಜದಲ್ಲೊಂದು ಪಕ್ಕದಲ್ಲೊಂದು ಲಾಡಿ ಕಟ್ಟಿದರೆ ಆಯಿತು. ಗುಂಡಿ ಬೇಡವೇ ಬೇಡ. ಗುಂಡಿ ಒತ್ತಿದರೆ ಕಲೆ ಉಳಿಯುತ್ತದೆ, ಅಳಿಸಿಹೋಗಲು ಆ ಮೈಯಲ್ಲಿ ರಕ್ತ ಓಡುತ್ತಿರುವುದಿಲ್ಲ.

ಗಂಟು ಕಟ್ಟಿಟ್ಟ ಮೇಲೆ ಅದು ಒಂದೆರಡು ದಿನ ಕಪಾಟಿನಲ್ಲೇ ಇತ್ತು. ಆಮೇಲೆ ನಮ್ಮನೆಯವರು ಬಸ್ಸಿನ ಡ್ಯೂಟಿಗೆ ಹೋಗುವಾಗ ಆಸ್ಪತ್ರೆ ಬಾಗಿಲಲ್ಲಿ ಕೊಟ್ಟು ಹೋಗಿದ್ದರು. ಆ ನಡುವೆ ಯಾರ ಕೈ ಆಡಿರಬಹುದು ಎಂದು ಯೋಚಿಸಬೇಕಾಗಿಯೇ ಇರಲಿಲ್ಲ. ಗೋಚಿ ಈಚೆಗಷ್ಟೇ ಅಜ್ಜಿಯಿಂದ ಗುಂಡಿ ಹೊಲಿಯುವುದನ್ನು ಕಲಿತಿದ್ದಳು. ಕಲಿತ ಮೇಲೆ ಮನೆಯಲ್ಲಿ ಗುಂಡಿಯಿಲ್ಲದ ವಸ್ತು ಉಳಿದಿರಲಿಲ್ಲ. ದಿಂಬಿಗೆ ಗುಂಡಿ, ಟವೆಲ್ಲಿಗೆ ಗುಂಡಿ. ಅವರಪ್ಪನ ಕರವಸ್ತ್ರಕ್ಕೂ ಒಂದು ಬಿದ್ದಿತ್ತು. "ಕರವಸ್ತ್ರಕ್ಕೆ ಯಾತಕ್ಕಮ್ಮ ತಾಯಿ?" ಅಂತ ಅವರು ಕೇಳಿದರೆ "ಮುಚ್ಚೋಕೆ" ಅಂದಿದ್ದಳು. ಅವರು ಆ ಕರವಸ್ತ್ರವನ್ನೇ ಡ್ಯೂಟಿಗೆ ಒಯ್ದು, ಗುಂಡಿಯಿಂದ ಮೂಗು ಕೆರೆದುಕೊಂಡು ಬಂದಿದ್ದರು.

ಅವಳು ಬೆಡ್‌ಶೀಟನ್ನು ತೋಳಿಗೆ ಹಾಕಿಕೊಂಡೇ ಬಾಗಿಲಲ್ಲಿ ನಿಂತಿದ್ದಳು. ನೀರು ತೊಟ್ಟಿಕ್ಕಿ ಅವಳ ಕಾಲ ಬಳಿ ಮಡುಗಟ್ಟಿತ್ತು.

"ಗೋಚಿ, ಬಿಳಿ ಅಂಗಿಗೆ ಗುಂಡಿ ನೀನು ಹಾಕಿದ್ಯಾ?"

"ಹೂಂ."

"ಯಾಕಮ್ಮ?"

"ನೀನು ಮರ್ತಿದ್ದೆ. ಹಳದಿದಕ್ಕೆಲ್ಲ ಹಾಕಿದ್ದೆ, ಬಿಳಿದಕ್ಕೆ ಹಾಕಿರಲಿಲ್ಲ." ನನ್ನ ಮುಖ ನೋಡಿ ಅವಳ ದನಿ ಇಳಿಯಿತು. "ತೆರ್ಕೊಂಡ್ರೆ ಪಾಪುಗೆ ಚಳಿ ಆಗುತ್ತೆ ಅಂತ. ಗಟ್ಟಿ ಹಾಕಿದೀನಮ್ಮ. ಎಳೆದು ನೋಡಿದೆ, ಬರಲ್ಲ."

ಗಟ್ಟಿ ಹಾಕಿದ್ದಳು, ನಿಜ. ಅವಳ ತಲೆ ಸವರಿ, ಬೆಡ್‌ಶೀಟು ಇಸಿದುಕೊಂಡು ತಂತಿಗೆ ಹಾಕಿದೆ. ಅದು ಸುಕ್ಕುಸುಕ್ಕಾಗಿಯೇ ಒಣಗಿತು ಆಮೇಲೆ.

ಗೋಚಿ ಕೇಳುವ ಮಗುವಲ್ಲ. ನೋಡುವ ಮಗು. ಅವಳ ಗೆಳತಿಯರು ಒಂದು ಬೀದಿ ದಾಟುವಷ್ಟರಲ್ಲಿ ಹತ್ತು ಪ್ರಶ್ನೆ ಕೇಳುತ್ತಾರೆ. ಇವಳು ಕಣ್ಣಲ್ಲೇ ಎಲ್ಲವನ್ನೂ ಎತ್ತಿಟ್ಟುಕೊಳ್ಳುತ್ತಾಳೆ. ಬಿಳಿ ಅಂಗಿಯ ಬಗ್ಗೆ ತೀರ ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದಳು. "ಅದು ಬೇರೆ ಥರದ್ದು" ಎಂದು ಹೇಳಿ ಅವಳ ಕೈಗೆ ದಾರದ ಉಂಡೆ ಕೊಟ್ಟಿದ್ದೆ. ಆಮೇಲೆ ಆ ಮಾತು ಬಂದಿರಲಿಲ್ಲ. ಬರಲಿಲ್ಲವಲ್ಲ ಎಂದು ನೆಮ್ಮದಿಯಾಗಿದ್ದೆ.

ಕಪಾಟಿನ ಮೇಲಿನ ಹಲಗೆಯಿಂದ ತೆಳು ಬಿಳಿ ಬಟ್ಟೆ ತೆಗೆದೆ. ಅಲ್ಲಿ ನಾನು ಇಡುವುದು ಯಾವಾಗಲೂ ಒಳ್ಳೆಯ ಬಟ್ಟೆಯನ್ನೇ. ಮಿಷನ್ನಿನ ಮೇಲಿದ್ದ ಪಕ್ಕದ ಮನೆಯವರ ರವಿಕೆಯನ್ನು ಸರಿಸಿ ಕತ್ತರಿ ಹಿಡಿದೆ.

"ಮಧ್ಯಾಹ್ನಕ್ಕೆ ಆಗುತ್ತಾ?" ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು. ಅವರಿಗೆ ಎಲ್ಲ ಅರ್ಥವಾಗಿತ್ತು.

"ಆಗ್ಬೇಕು."

"ಅವಳು ಬರ್ತೀನಿ ಅಂದಿದಾಳೆ ಇವತ್ತು. ನೆನಪಿದೆ ತಾನೆ?"

ನೆನಪಿತ್ತು. ಅವಳು ಅಂದರೆ ಅತ್ತೆಯ ಮಗಳು, ನಮ್ಮನೆಯವರ ಅಕ್ಕ, ನನಗೆ ಅತ್ತಿಗೆ. ಎರಡು ಬೀದಿಯಾಚೆ ದೊಡ್ಡ ಶೆಡ್ಡಿನಲ್ಲಿ ಶಾಲೆಗಳ ಯೂನಿಫಾರ್ಮ್ ಹೊಲಿಸುತ್ತಾರೆ. ಕೆಲಸದವರು ಬೆನ್ನ ಹಿಂದೆ ಹೆಡ್‌ಮಿಸ್ಸು ಅನ್ನುತ್ತಾರೆ, ಅದು ಅವರಿಗೂ ಗೊತ್ತು, ಒಳಗೊಳಗೇ ಹಿಗ್ಗು. ಅವರ ಕಟಿಂಗ್ ಮಾಸ್ತರು ಬಿಟ್ಟುಹೋಗಿದ್ದರು. ಆ ಜಾಗಕ್ಕೆ ನಾನು ಬರಬೇಕು, ಬೆಳಿಗ್ಗೆಯಿಂದ ಸಂಜೆಯವರೆಗೆ, ಇವತ್ತಿನಿಂದಲೇ. ನಮಗೆ ಇನ್ನೊಂದು ಸಂಬಳ ಬೇಕಾಗಿತ್ತು. ನಾಲ್ಕು ಜನ ಒಂದೂವರೆ ಕೋಣೆಯಲ್ಲಿ ಇದ್ದೇವೆ; ಗೋಚಿ ಈಗಲೂ ಅಜ್ಜಿಯ ಮಂಚದ ಅಂಚಿನಲ್ಲಿ ಮಲಗುತ್ತಾಳೆ, ಅಜ್ಜಿ ಗೊರಕೆ ಹೊಡೆದರೆ ಮೂಗು ಹಿಡಿಯುತ್ತಾಳೆ. ಯೋಚಿಸಿ ಹೇಳ್ತೀನಿ ಎಂದು ನಾನು ವಾರದಿಂದ ತಳ್ಳುತ್ತ ಬಂದಿದ್ದೆ.

ಬಟ್ಟೆ ಕತ್ತರಿಸುವಾಗ ಗೋಚಿ ಮೇಜಿನ ಪಕ್ಕ ಬಂದು ನಿಂತಳು. ಮೇಜು ಅವಳ ಎದೆಯ ಮಟ್ಟಕ್ಕೆ ಬರುತ್ತದೆ. ಬಟ್ಟೆ ಮುಟ್ಟಬಾರದೆಂದು ಕೈಗಳನ್ನು ತಾನೇ ಹಿಂದೆ ಕಟ್ಟಿಕೊಂಡಿದ್ದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ಬದುಕಿಗೊಂದು ಗುರಿ ಇರಬೇಕು ಅಂತ ದೊಡ್ಡವರು ಹೇಳುವುದನ್ನು ಕೇಳಿದ್ದೇನೆ. ನನಗೆ ಗುರಿ ಎನ್ನುವುದು ಯಾವತ್ತೂ ದೂರದಲ್ಲಿ, ಎತ್ತರದಲ್ಲಿ ಕಂಡಿಲ್ಲ. ಅದು ನನಗೆ ಕಂಡದ್ದು ಅಂಗಡಿಯಲ್ಲಿ ಸೋಪು ಕೊಳ್ಳುವಾಗ. ಘಮ ಇರುವ ಸೋಪು ಆ ಚರ್ಮಕ್ಕೆ ಆಗದು ಎಂದು ಸಿಸ್ಟರ್ ಹೇಳಿದ ಮೇಲೆ ನಮ್ಮ ಮನೆಗೆ ಘಮದ ಸೋಪು ಬರುವುದು ನಿಂತಿತು. ಉಗುರು ಬೆಳೆಸುವುದು ನಿಂತಿತು. ಇಸ್ತ್ರಿಪೆಟ್ಟಿಗೆ ಕಾದ ಮೇಲೆ ಮೊದಲ ಬಿಸಿ ಈ ಅಂಗಿಗಳಿಗೆ, ಆಮೇಲೆ ನಮ್ಮನೆಯವರ ಖಾಕಿಗೆ. ಹೊಲಿಗೆಯ ಅಂಚು ಹೊರಕ್ಕೆ ಬರುವ ಹಾಗೆ, ನೋಡುವವರಿಗೆ ತಿರುಗಾಮುರುಗಾ ಅನಿಸುವ ಹಾಗೆ ಹೊಲಿಯುವುದನ್ನು ಕಲಿತೆ, ಒಳಗೆ ಮಲಗಿದವರಿಗೆ ಒತ್ತಬಾರದಲ್ಲ. ಹೀಗೆ ಒಂದೊಂದಾಗಿ ಮನೆಯ ಕೆಲಸಗಳೆಲ್ಲ ಒಂದೇ ಕಡೆ ಮುಖ ಮಾಡಿ ನಿಂತವು. ಯಾರೂ ಹೇಳಿ ಮಾಡಿಸಿದ್ದಲ್ಲ. ದಿನ ಮುಗಿದು ಮಲಗುವಾಗ ಮೈ ದಣಿದಿರುತ್ತಿತ್ತು, ಮನಸ್ಸು ದಣಿದಿರುತ್ತಿರಲಿಲ್ಲ. ಅಷ್ಟು ಮಾತ್ರ ಗೊತ್ತು.

ಆದರೆ ಅವತ್ತು, ಕೈ ಹಿಂದೆ ಕಟ್ಟಿ ನಿಂತ ಮಗಳನ್ನು ನೋಡಿದಾಗ ಹೊಳೆಯಿತು: ಸೋಪಿನವರೆಗೆ ಬಂದ ಮಾತು ಮಗಳವರೆಗೆ ಬಂದಿಲ್ಲ. ಅವಳ ಎದುರಿಗೇ ಹೊಲಿಯುತ್ತೇನೆ, ಅವಳಿಂದಲೇ ಬಚ್ಚಿಡುತ್ತೇನೆ. ಗೊತ್ತಿಲ್ಲದೆ ಪಾಪ, ಅವಳು ಪ್ರೀತಿಯಿಂದ ಅಂಗಿಯ ಬಾಗಿಲು ಮುಚ್ಚಿಬಿಟ್ಟಿದ್ದಳು.

"ಕೈ ತೊಳ್ಕೊಂಡು ಬಾ," ಅಂದೆ. "ಲಾಡಿ ತಿರುಗಿಸಬೇಕು. ನಿನ್ನ ಬೆರಳು ಸಣ್ಣ, ನಿಂಗೇ ಸಲೀಸು."

ಓಡಿದಳು. ಅತ್ತೆ ತಗ್ಗಿದ ದನಿಯಲ್ಲಿ, ಅಂದರೆ ಬೇರೆಯವರು ಮಾತಾಡುವಷ್ಟು ದನಿಯಲ್ಲಿ, ಹೇಳಿದರು: "ಬೇಡ ಕಣೇ. ಆಡೋ ಮಗು ಅದು. ಸಾವು ನೋವು ಎಲ್ಲಾ ಈಗಲೇ ತಲೆಗೆ ತುಂಬಬೇಡ. ಬದುಕಿಡೀ ಇದ್ದೇ ಇದೆ."

"ಗುಂಡಿ ಯಾಕೆ ಬೇಡ ಅಂತ ಹೇಳ್ಬೇಕಲ್ಲ ಅತ್ತೆ. ಇಲ್ಲದಿದ್ರೆ ತಾನೇನೋ ಕೆಟ್ಟದ್ದು ಮಾಡಿದೆ ಅಂತ ತಿಳ್ಕೋತಾಳೆ."

"ತಿಳ್ಕೊಂಡ್ರೆ ನಾಳೆ ಮರೀತಾಳೆ."

"ನೀವು ನೋಡಿದೀರಲ್ಲ ಅವಳನ್ನ. ಏನನ್ನಾದ್ರೂ ಮರ್ತಿದಾಳಾ?"

ಹೋದ ಹಬ್ಬಕ್ಕೆ ಕೊಡುತ್ತೇನೆಂದ ಮಿಠಾಯಿಯನ್ನು ಇನ್ನೂ ಕೊಟ್ಟಿಲ್ಲ ಎಂದು ಹಿಂದಿನ ದಿನವಷ್ಟೇ ಗೋಚಿ ಅತ್ತೆಗೆ ಲೆಕ್ಕ ಒಪ್ಪಿಸಿದ್ದಳು.

ಗೋಚಿ ಒದ್ದೆ ಕೈಗಳನ್ನು ಮುಂದೆ ಚಾಚಿಕೊಂಡು ಬಂದಳು. ಒರೆಸಿದೆ. ಕಿರುಬೆರಳಿಗಿಂತ ಕಿರಿದಾದ ಲಾಡಿಯನ್ನು ಒಳಗಿಂದ ಹೊರಗೆ ತಿರುಗಿಸಲು ಮೊಂಡು ಸೂಜಿ ಕೊಟ್ಟೆ. ಅವಳು ತುಟಿ ಕಚ್ಚಿ ಕೂತಳು. ನಾನು ಪೆಡಲ್ ತುಳಿಯುತ್ತ, ಬಟ್ಟೆಯ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದೆ. ಮುಖ ನೋಡಿಕೊಂಡು ಹೇಳುವ ಧೈರ್ಯ ಇರಲಿಲ್ಲ.

"ಕೆಲವು ಪಾಪುಗಳು ತೀರ ಬೇಗ ಹುಟ್ಟಿಬಿಡ್ತಾವೆ ಗೋಚಿ. ಡಾಕ್ಟರು, ಸಿಸ್ಟರು ಎಲ್ಲಾ ನೋಡ್ಕೋತಾರೆ. ಆದ್ರೂ ಕೆಲವಕ್ಕೆ ಉಸಿರಾಡೋಕೆ ಆಗಲ್ಲ. ಉಸಿರು ನಿಂತುಹೋಗುತ್ತೆ. ಬಿಳಿ ಅಂಗಿ ಅವಕ್ಕೆ."

ನಾನು ಮಿಷನ್ ನಿಲ್ಲಿಸಿದೆ.

"ಹಾಗಾದ್ರೆ ಅವಕ್ಕೆ ಚಳಿ ಆಗಲ್ಲ," ಅಂದಳು ಗೋಚಿ.

"ಆಗಲ್ಲ. ಆದ್ರೆ ಅವುಗಳ ಅಮ್ಮನಿಗೆ ಆಗುತ್ತೆ. ಬರೀ ಮೈಯಲ್ಲಿ ನೋಡಿದ್ರೆ ಅಮ್ಮನಿಗೆ ಚಳಿ ಆಗುತ್ತೆ. ಅದಕ್ಕೆ."

ಅವಳು ಸೂಜಿಯನ್ನು ಇನ್ನಷ್ಟು ತಳ್ಳಿದಳು. ಲಾಡಿಯ ತುದಿ ಹೊರಬಂತು.

ಹೊರಗೆ ವ್ಯಾನಿನ ಹಾರನ್ ಆಯಿತು. ಅತ್ತಿಗೆ ಒಳಗೆ ಬರುವ ಮುಂಚೆ ಅವರ ದನಿ ಬರುತ್ತದೆ. ಅವರು ಅಮ್ಮನ ಮಗಳೇ.

"ಏನೇ, ಇನ್ನೂ ರೆಡಿ ಆಗಿಲ್ವಾ? ಅಲ್ಲಿ ಬಟ್ಟೆ ಥಾನು ಥಾನು ಬಿದ್ದಿದೆ, ಕತ್ತರಿಸೋರಿಲ್ಲದೆ ಹುಡುಗಿಯರು ಕೂತ್ಕೊಂಡು ಊರ ಸುದ್ದಿ ಹೊಲೀತಿದಾರೆ."

"ಅತ್ತಿಗೆ, ಇವತ್ತು ಬೆಳಿಗ್ಗೆ ಆಗಲ್ಲ. ಆಸ್ಪತ್ರೆಗೆ ಹೋಗ್ಬೇಕು." ಏನಾಯಿತೆಂದು ಎರಡೇ ಮಾತಲ್ಲಿ ಹೇಳಿದೆ.

ಅತ್ತಿಗೆ ಮೇಜಿನ ಮೇಲಿದ್ದ ಬಿಳಿ ತುಂಡನ್ನು ನೋಡಿದರು. ಅವರ ಮುಖ ಒಂದು ಕ್ಷಣ ಸಡಿಲವಾಗಿ ಮತ್ತೆ ಬಿಗಿಯಿತು.

"ನೋಡು, ಬೇಡ ಅನ್ನಲ್ಲ. ಒಳ್ಳೆ ಕೆಲಸನೇ. ಆದ್ರೆ ಊರಿಗೆ ಉಪಕಾರಿ, ಮನೆಗೆ ಮಾರಿ ಆಗ್ಬಾರದು. ನನ್ನ ತಮ್ಮ ಎರಡೆರಡು ಪಾಳಿ ಬಸ್ ಓಡಿಸ್ತಾನೆ. ಈ ಮಗುಗೆ ಕಾಲು ಚಾಚೋಕೆ ಜಾಗ ಇಲ್ಲ."

"ಗೊತ್ತು."

"ಗೊತ್ತಿದ್ರೆ ಬಾ. ಅದನ್ನ ಹೊಲಿದು ಯಾರ ಕೈಲಾದ್ರೂ ಕಳಿಸು. ಇನ್ಮೇಲೆ ಭಾನುವಾರ ಹೊಲ್ಕೋ. ಯಾರು ಬೇಡ ಅಂತಾರೆ?"

"ಅವು ಭಾನುವಾರ ನೋಡ್ಕೊಂಡು ಹೋಗಲ್ಲ ಅತ್ತಿಗೆ."

"ಆಹಾ, ಮಾತು ನೋಡು." ಅತ್ತಿಗೆ ಮಂಚದ ಮೇಲೆ ಕೂತರು. ಕೂತಮೇಲೆ ದನಿ ಮೆತ್ತಗಾಯಿತು. "ನಿನ್ನ ಕೈ ಚಿನ್ನ ಕಣೇ. ನಂಗೆ ನೀನೇ ಬೇಕು. ಎಷ್ಟು ವರ್ಷ ಆಯ್ತು ಅದು ಹೋಗಿ. ನೀನಿನ್ನೂ ಅದಕ್ಕೇ ಹೊಲೀತಿದೀಯ, ಮುಗೀತಾನೇ ಇಲ್ಲ ನಿಂಗೆ—"

"ಏಯ್," ಅಂದರು ಅತ್ತೆ. ಕಣ್ಣಲ್ಲೇ ಗೋಚಿಯ ಕಡೆ ತೋರಿಸಿದರು.

ಅತ್ತಿಗೆ ನಾಲಿಗೆ ಕಚ್ಚಿಕೊಂಡರು. ಗೋಚಿ ತಲೆ ಎತ್ತಲಿಲ್ಲ. ಎರಡನೆಯ ಲಾಡಿಯ ಒಳಗೆ ಸೂಜಿ ತೂರಿಸುತ್ತಿದ್ದಳು. ಕೇಳಿಸಿಲ್ಲ ಅಂದುಕೊಂಡೆ.

ಗೋಚಿಗಿಂತ ಮೊದಲು ನನಗೊಂದು ಮಗು ಆಗಿತ್ತು. ಹೆಣ್ಣು. ಇದೇ ಆಸ್ಪತ್ರೆಯಲ್ಲಿ, ಇದೇ ಸಿಸ್ಟರ್ ಅಲ್ಲ. ಕೈಗೆ ಕೊಟ್ಟಾಗ ಒರಟು ಟವೆಲ್ಲೊಂದರಲ್ಲಿ ಸುತ್ತಿದ್ದರು. ಅಷ್ಟು ಸಣ್ಣ ಮೈಗೆ ಆಗುವ ಬಟ್ಟೆ ಅವರಲ್ಲೂ ಇರಲಿಲ್ಲ, ನಾವು ಒಯ್ದಿದ್ದರಲ್ಲೂ ಇರಲಿಲ್ಲ. ಯಾರದೂ ತಪ್ಪಲ್ಲ. ಟವೆಲ್ಲಿನ ತುದಿಯಲ್ಲಿ ಆಸ್ಪತ್ರೆಯ ಮೊಹರು ಇತ್ತು, ನಾನು ಮುಖ ನೋಡುವ ಬದಲು ಅದನ್ನೇ ಓದುತ್ತ ಕೂತಿದ್ದೆ. ಮನೆಗೆ ಬಂದ ಮೇಲೆ ಅತ್ತೆ ಒಂದೇ ಮಾತು ಹೇಳಿದ್ದರು: ಹೋದದ್ದರ ಮಾತು ಬರೋದಕ್ಕೆ ತಾಗಬಾರದು. ಅದನ್ನು ಅವರು ಪ್ರೀತಿಯಿಂದ ಹೇಳಿದ್ದರು, ನಾನು ಪ್ರೀತಿಯಿಂದಲೇ ಪಾಲಿಸಿದ್ದೆ. ಗೋಚಿ ಹುಟ್ಟಿದಳು, ನಕ್ಕಳು, ನಡೆದಳು. ಆ ಮಾತು ಬರಲೇ ಇಲ್ಲ. ನನ್ನ ಕೈ ಮಾತ್ರ ಹೊಲಿಯುತ್ತಿತ್ತು.

"ಅತ್ತಿಗೆ," ಅಂದೆ, "ಮಧ್ಯಾಹ್ನದ ಮೇಲಾದ್ರೆ ದಿನಾ ಬರ್ತೀನಿ. ಕಟಿಂಗ್ ಎಲ್ಲಾ ಮುಗಿಸಿಕೊಟ್ಟು ಬರ್ತೀನಿ. ಬೆಳಿಗ್ಗೆ ಮಾತ್ರ ಕೇಳ್ಬೇಡಿ."

"ಅರ್ಧ ದಿನದ ಕಟಿಂಗ್ ಮಾಸ್ತರನ್ನ ಇಟ್ಕೊಂಡು ನಾನೇನು ಅರ್ಧ ಚಡ್ಡಿ ಹೊಲಿಸಲಾ?"

ಗೋಚಿ ಕಿಸಕ್ಕನೆ ನಕ್ಕಳು. ಅತ್ತೆಗೂ ನಗು ಬಂತು, ತಡೆದುಕೊಂಡರು. ಅತ್ತಿಗೆ ಮಾತ್ರ ನಗಲಿಲ್ಲ.

"ಆಗಲ್ಲ ಕಣೇ. ನಿಜವಾಗ್ಲೂ ಆಗಲ್ಲ. ನಾನು ಬೇರೆಯವರನ್ನ ನೋಡ್ಬೇಕಾಗುತ್ತೆ."

ನಾನು ಅಂಗಿಯನ್ನು ತಿರುವಿ, ಅಂಚು ಹೊರಗಿದೆಯೇ ಎಂದು ಬೆರಳಾಡಿಸಿದೆ. ಅತ್ತೆಯ ಮಂಚದ ಅಂಚು ಕಣ್ಣಿಗೆ ಬಿತ್ತು. "ಬೇರೆಯವರನ್ನೇ ನೋಡಿ ಅತ್ತಿಗೆ," ಅಂದೆ. "ಬೇಜಾರಿಲ್ಲ."

ಬೇಜಾರಿತ್ತು. ಆದರೂ ಹೇಳಿದ್ದು ಸುಳ್ಳಲ್ಲ.

ಅವರು ಎದ್ದು ಬಾಗಿಲವರೆಗೆ ಹೋಗಿ ಅಲ್ಲೇ ನಿಂತರು. ಹೊರಗೆ ನೋಡುತ್ತಲೇ ಹೇಳಿದರು. "ಎಷ್ಟೊತ್ತಾಗುತ್ತೆ ಇನ್ನೂ?"

"ಇಸ್ತ್ರಿ ಒಂದು."

"ಮಾಡು. ಬಸ್ಸಲ್ಲಿ ಹೋದ್ರೆ ನೀನು ಸಂಜೆಗೆ ಮುಟ್ತೀಯ. ನಿನ್ನ ಗಂಡನ ಬಸ್ಸಾದ್ರಂತೂ ನಾಳೆಗೆ."

ವ್ಯಾನಿನ ತುಂಬ ನೀಲಿ ಚಡ್ಡಿಗಳ ಕಟ್ಟುಗಳಿದ್ದವು. ನಾನು ಮುಂದೆ ಕೂತೆ, ಬಿಳಿ ಅಂಗಿಯನ್ನು ತೊಳೆದ ಬಟ್ಟೆಯ ಮೇಲೆ ಮಡಿಸದೆ ಹಾಸಿ ಮಡಿಲಲ್ಲಿ ಇಟ್ಟುಕೊಂಡು. ಗೋಚಿಯನ್ನು ಅಜ್ಜಿಯ ಬಳಿ ಬಿಡಬೇಕೆಂದಿದ್ದೆ. ಅವಳು ಆಗಲೇ ಚಪ್ಪಲಿ ಹಾಕಿಕೊಂಡು ಮೆಟ್ಟಿಲಲ್ಲಿ ನಿಂತಿದ್ದಳು. ಬರಲಾ ಎಂದು ಕೇಳಲಿಲ್ಲ, ಬೇಡ ಎಂದರೆ ಒಳಗೆ ಹೋಗುವ ಹಾಗೆ ಒಂದು ಕಾಲು ಹೊಸ್ತಿಲ ಒಳಗೇ ಇಟ್ಟಿದ್ದಳು. ಅತ್ತೆ ನನ್ನನ್ನು ನೋಡಿದರು. ನಾನು ಗೋಚಿಗೆ ಕೈ ಚಾಚಿದೆ. ಅತ್ತೆ ಅವಳ ಕೂದಲು ಹಿಂದಕ್ಕೆ ಸರಿಸಿ ಕ್ಲಿಪ್ಪು ಸರಿಮಾಡಿದರು.

ದಾರಿಯುದ್ದಕ್ಕೂ ಅತ್ತಿಗೆ ಎದುರಿಗೆ ಬಂದ ಪ್ರತಿಯೊಂದು ಗಾಡಿಯವನ ವಂಶವನ್ನೂ ವಿಚಾರಿಸಿಕೊಂಡರು. ಆಸ್ಪತ್ರೆಯ ಗೇಟಿನಲ್ಲಿ ಇಳಿಸಿ, "ನಾನು ಕಾಯಲ್ಲ, ಕೆಲಸ ಇದೆ," ಅಂದರು. ವ್ಯಾನು ಹೊರಟು ಸ್ವಲ್ಪ ದೂರ ಹೋದಮೇಲೆ ನಿಂತಿತು. ಕಿಟಕಿಯಿಂದ ತಲೆ ಹೊರಹಾಕಿ, "ಮಗುಗೆ ಏನಾದ್ರೂ ತಿನ್ನಿಸು," ಎಂದು ಕೂಗಿ ಹೋದರು.

ವಾರ್ಡಿನ ಹೊರಗಿನ ಓಣಿಯಲ್ಲಿ ಫಿನೈಲಿನ ವಾಸನೆ. ನೆಲ ಆಗತಾನೇ ಒರೆಸಿದ್ದರಿಂದ ಎಲ್ಲರೂ ಗೋಡೆಯ ಪಕ್ಕದಲ್ಲೇ ನಡೆಯುತ್ತಿದ್ದರು. ಸಿಸ್ಟರ್ ಬಂದು ಎರಡೂ ಕೈಯಲ್ಲಿ ಅಂಗಿಯನ್ನು ಇಸಿದುಕೊಂಡರು. ಗೋಚಿಯನ್ನು ನೋಡಿ ನನ್ನತ್ತ ನೋಡಿದರು. ನಾನು ತಲೆಯಾಡಿಸಿದೆ.

"ಲಾಡಿ ಇವಳೇ ತಿರುಗಿಸಿದ್ದು," ಅಂದೆ.

"ಹೌದಾ. ತುಂಬಾ ಸಣ್ಣಗೆ ಬಂದಿದೆ," ಎಂದರು ಸಿಸ್ಟರ್, ಅವಳಿಗೇ. ಬಾಗಿಲು ತಳ್ಳಿಕೊಂಡು ಒಳಗೆ ಹೋದರು.

ಬೆಂಚಿನ ಮೇಲೆ ಒಬ್ಬ ಹುಡುಗ ವಯಸ್ಸಿನ ಗಂಡಸು ಕೂತಿದ್ದ. ಗೋಡೆಗೆ ಬಣ್ಣ ಬಳಿಯುವ ಕೆಲಸದವನಿರಬೇಕು. ಉಗುರು ಸಂದಿಯಲ್ಲಿ, ಕೂದಲಲ್ಲಿ, ಚಪ್ಪಲಿಯ ಪಟ್ಟಿಯಲ್ಲಿ ತಿಳಿಹಸಿರು ಬಣ್ಣ ಒಣಗಿತ್ತು. ಕೆಲಸದಿಂದಲೇ ಎದ್ದು ಬಂದವನು. ಮಡಿಲಲ್ಲಿ ಖಾಲಿ ಚೀಲವೊಂದನ್ನು ಮಡಿಸುತ್ತಿದ್ದ, ಬಿಡಿಸುತ್ತಿದ್ದ. ನಾವು ಕೂತಾಗ ಸರಿದು ಜಾಗ ಕೊಟ್ಟ.

"ಶಾಲೆ ಇಲ್ವಾ ಇವತ್ತು?" ಎಂದು ಗೋಚಿಯನ್ನು ಕೇಳಿದ.

"ರಜೆ."

"ಹೂಂ. ಎಷ್ಟನೇ ಕ್ಲಾಸು?"

"ಮೂರು."

"ಮೂರು," ಅಂದ ಅವನು. ಅದನ್ನೇ ಎಲ್ಲೋ ಬರೆದಿಟ್ಟುಕೊಳ್ಳುವವನಂತೆ ತಲೆಯಾಡಿಸಿದ. ಮತ್ತೆ ಚೀಲ ಮಡಿಸತೊಡಗಿದ. ಗೋಚಿ ಅವನ ಉಗುರುಗಳನ್ನೇ ನೋಡುತ್ತಿದ್ದಳು.

ವೀಲ್‌ಚೇರು ಬಂತು. ಅದರಲ್ಲಿ ಕೂತಿದ್ದವಳು ತುಟಿ ಒಡೆದ, ಕೂದಲು ಕೆದರಿದ, ಇನ್ನೂ ಮಗುವಿನಂಥ ಮುಖದ ಹೆಂಗಸು. ಹಿಂದಿನಿಂದ ಆಯಾ ತಳ್ಳುತ್ತಿದ್ದಳು. ಬಣ್ಣದವನು ಎದ್ದು ನಿಂತ. ಹೆಂಡತಿಯ ಭುಜ ಮುಟ್ಟಲು ಕೈ ಎತ್ತಿ, ಬೆರಳುಗಳ ಕೊಳೆ ನೋಡಿಕೊಂಡು, ಅಂಗಿಗೆ ಉಜ್ಜಿ, ಮತ್ತೆ ಎತ್ತಿದ. ಅಷ್ಟರಲ್ಲಿ ಕುರ್ಚಿ ಮುಂದೆ ಹೋಗಿತ್ತು. ಅವನೂ ಹಿಂದೆ ಹೋದ. ಬಾಗಿಲು ಮುಚ್ಚಿತು.

ನಾನು ಗೋಚಿಯ ಕೈ ಹಿಡಿದುಕೊಂಡೆ. ಒಳಗಿನಿಂದ ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಒಂದು ಅಳು ಬಂತು, ದೊಡ್ಡದಲ್ಲ, ಅರ್ಧದಲ್ಲೇ ನಿಂತಿತು. ಕರೆದುಕೊಂಡು ಬಂದು ತಪ್ಪು ಮಾಡಿದೆನೇನೋ ಅನಿಸಿತು. ಅತ್ತೆಯ ಮಾತು ಕಿವಿಯಲ್ಲಿತ್ತು. ಗೋಚಿಯ ಕೈ ಬೆವರಿತ್ತು, ಆದರೆ ಬಿಡಿಸಿಕೊಳ್ಳಲಿಲ್ಲ. ಎದ್ದು ಹೋಗೋಣವಾ ಎಂದು ಅವಳನ್ನು ಕೇಳಬೇಕೆಂದುಕೊಂಡೆ. ಅವಳು ಬಾಗಿಲನ್ನೇ ನೋಡುತ್ತಿದ್ದ ರೀತಿ ನೋಡಿ ಸುಮ್ಮನಾದೆ.

ತುಂಬ ಹೊತ್ತಿನ ಮೇಲೆ ಸಿಸ್ಟರ್ ಹೊರಬಂದರು. ಕಣ್ಣು ಕೆಂಪಾಗಿತ್ತು. ನನ್ನ ಪಕ್ಕ ಕೂತು ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಸರಿಯಾಗಿ ಆಯ್ತು ಅಕ್ಕ. ನಾನು ಅಂಗಿ ತೆರೆದು ಮಲಗಿಸಿದೆ ಅಷ್ಟೇ. ಇನ್ನೊಂದು ಕಡೆ ಮುಚ್ಚಿ ಲಾಡಿ ಕಟ್ಟೋಕೆ ಹೋದ್ರೆ ನನ್ನ ಕೈ ತಡೆದಳು. ತಾನೇ ಕಟ್ಟಿದಳು. ಎರಡೂನೂ." ಅವರು ಟೋಪಿಯ ಅಂಚು ಸರಿಮಾಡಿದರು. "ಕಟ್ಟಿ, ಸರಿ ಆಗ್ಲಿಲ್ಲ ಅಂತ ಬಿಚ್ಚಿ, ಮತ್ತೆ ಕಟ್ಟಿದಳು. ಯಾರೂ ಅವಸರ ಮಾಡ್ಲಿಲ್ಲ."

ಲಾಡಿ ಇಟ್ಟಿದ್ದು ಚರ್ಮಕ್ಕೆ ಒತ್ತಬಾರದು ಎಂದಷ್ಟೇ. ತಾಯಿಗೆ ಮಾಡಲು ಒಂದು ಕೆಲಸ ಉಳಿಯಲಿ ಎಂದು ನಾನು ಯೋಚಿಸಿಯೇ ಇರಲಿಲ್ಲ. ಇಷ್ಟು ವರ್ಷ ಹೊಲಿದು ಅದನ್ನು ಅವತ್ತು ತಿಳಿದುಕೊಂಡೆ. ಸಿಸ್ಟರಿನ ಮಂಡಿಯ ಮೇಲೆ ಕೈಯಿಟ್ಟೆ. ಒಳಗೆ ಯಾರೋ ಕರೆದರು, ಅವರು ಟೋಪಿ ಹಾಕಿಕೊಂಡು ಎದ್ದು ಹೋದರು.

ನಾವಿಬ್ಬರೇ ಉಳಿದೆವು. ಓಣಿಯ ನೆಲ ಒಣಗಿ ಜನ ನಡುವೆಯೇ ಓಡಾಡುತ್ತಿದ್ದರು. ಗೋಚಿ ಬಹಳ ಹೊತ್ತು ತನ್ನ ಬೆರಳುಗಳನ್ನು ನೋಡಿಕೊಂಡಳು. ಸೂಜಿ ಒತ್ತಿದ ಕಡೆ ಕೆಂಪಾಗಿತ್ತು. ಮನೆಗೆ ಹೋಗೋಣ ಅನ್ನುತ್ತಾಳೆ, ಹಸಿವು ಅನ್ನುತ್ತಾಳೆ ಎಂದು ಕಾದೆ. ಅವಳು ನನ್ನ ತೋಳಿಗೆ ಒರಗಿದಳು. ಮುಖ ಕಾಣುತ್ತಿರಲಿಲ್ಲ, ನೆತ್ತಿ ಮಾತ್ರ. ಏನನ್ನೋ ಹೇಳಲು ಉಸಿರು ಎಳೆದುಕೊಂಡಳು, ಬಿಟ್ಟಳು, ಮತ್ತೆ ಎಳೆದುಕೊಂಡಳು.

"ಕೇಳು ಗೋಚಿ," ಅಂದೆ. "ಏನು ಬೇಕಾದ್ರೂ ಕೇಳು. ಹೇಳ್ತೀನಿ."

ಬೆಳಿಗ್ಗೆ ಅತ್ತಿಗೆಯ ಮಾತಿಗೆ ಅವಳು ಯಾಕೆ ತಲೆ ಎತ್ತಲಿಲ್ಲ ಎನ್ನುವುದು ನನಗೆ ಆಗ ಅರ್ಥವಾಗಹತ್ತಿತು. ಅವಳಿಗೆ ಅದು ಹೊಸ ಮಾತಾಗಿರಲಿಲ್ಲ.

"ಅಮ್ಮ," ಅಂದಳು, ಪಿಸುದನಿಯಲ್ಲಿ ಅಲ್ಲ, ಓಣಿಯಲ್ಲಿ ಕೇಳಿಸುವಷ್ಟು ಸ್ಪಷ್ಟವಾಗಿ. "ನಮ್ಮ ಪಾಪುಗೆ ನೀನು ಯಾವ ಅಂಗಿ ಹಾಕಿದ್ದೆ?"